ಕಪ್ ಬಂತು, ತಪ್ಪಿತಸ್ಥ ಯಾರು?

2024ರ ಜುಲೈ 14ರ ರಾತ್ರಿ ಬರ್ಲಿನ್‌ನಲ್ಲಿ ಸ್ಪೇನ್ ತಂಡ ಇಂಗ್ಲೆಂಡನ್ನು 2–1ರಿಂದ ಮಣಿಸಿ ನಾಲ್ಕನೇ ಬಾರಿ ಯುರೋ ಕಪ್ ಫುಟ್‌ಬಾಲ್ ಗೆದ್ದಾಗ, ನನ್ನ ಪಕ್ಕದಲ್ಲಿ ಕುಳಿತು ಟಿವಿ ನೋಡುತ್ತಿದ್ದ ಗೆಳೆಯ, ಅಂದರೆ ಸ್ಪೇನ್‌ನ ಕಟ್ಟಾ ಅಭಿಮಾನಿ, ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಲೇ ಬಲಗೈ ಹೆಬ್ಬೆರಳಿನಿಂದ ಮೊಬೈಲಿನಲ್ಲಿ ಏನನ್ನೋ ಒತ್ತುತ್ತಿದ್ದ. ಬಗ್ಗಿ ನೋಡಿದೆ. ‘ಮೊರಾಟಾ: ಹತ್ತಕ್ಕೆ ನಾಲ್ಕು’ ಎಂದಿತ್ತು. ಸ್ಪೇನ್ ನಾಯಕ ಮೊರಾಟಾನ ಕೈಗೆ ಕಪ್ ಇನ್ನೂ ಬಂದಿರಲಿಲ್ಲ, ಅಂಕಪಟ್ಟಿ ಮಾತ್ರ ಬಂದಾಗಿತ್ತು.

ಸೋತಾಗ ಬೈಯುವುದಕ್ಕೆ ವಿಶೇಷ ಪ್ರತಿಭೆಯೇನೂ ಬೇಕಿಲ್ಲ, ಅದನ್ನು ಯಾರು ಬೇಕಾದರೂ ಮಾಡಿಯಾರು. ನಿಜವಾದ ಅಭಿಮಾನಿಯ ಕಸುಬುದಾರಿಕೆ ಕಾಣುವುದು ಗೆದ್ದಾಗ. ಆಡಿದ ಏಳಕ್ಕೆ ಏಳೂ ಪಂದ್ಯಗಳನ್ನು ಗೆದ್ದು, ಒಟ್ಟು 15 ಗೋಲು ಹೊಡೆದು, ಕ್ರೊಯೇಷ್ಯಾ, ಇಟಲಿ, ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್‌ಗಳನ್ನು ಒಂದೇ ಟೂರ್ನಿಯಲ್ಲಿ ಮಣಿಸಿದ ತಂಡದಲ್ಲಿ ತಪ್ಪು ಹುಡುಕುವುದು ಮೊಸರಿನಲ್ಲಿ ಕಲ್ಲು ಹುಡುಕಿದಷ್ಟೇ ಕಷ್ಟ. ಆದರೂ ನಮ್ಮವರು ಬೆಳಗಾಗುವುದರೊಳಗೆ ಕಲ್ಲು ಹುಡುಕಿದರು, ತೂಗಿದರು, ಅದಕ್ಕೆ ದಶಾಂಶವನ್ನೂ ಕೊಟ್ಟರು.

ದಶಾಂಶದ ವಿಷಯ ಬಂದಿದ್ದರಿಂದ ಒಂದು ಮಾತು ಹೇಳಲೇಬೇಕು. ಆಟಗಾರರಿಗೆ ಅಂಕ ಹಾಕುವ ಆ್ಯಪ್‌ಗಳಲ್ಲಿ ಮೈದಾನಕ್ಕೆ ಕಾಲಿಟ್ಟವನಿಗೆಲ್ಲ ಮೊದಲು ಆರೋ ಆರೂವರೆಯೋ ಅಂಕವನ್ನು ಧರ್ಮಾರ್ಥವಾಗಿ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಒಂದು ಪಾಸ್ ಸರಿಯಾದರೆ ಚಿಟಿಕೆಯಷ್ಟು ಏರಿಕೆ, ಚೆಂಡು ಕಳೆದುಕೊಂಡರೆ ಚಿಟಿಕೆಯಷ್ಟು ಇಳಿಕೆ. ಇಬ್ಬರು ಡಿಫೆಂಡರ್‌ಗಳನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ಓಡಿ, ಹಿಂದೆ ಬರುವ ಜೊತೆಗಾರನಿಗೆ ಹಾದಿ ಬಿಡಿಸಿಕೊಟ್ಟವನಿಗೆ ಆ ಲೆಕ್ಕದಲ್ಲಿ ಹೆಚ್ಚೇನೂ ದಕ್ಕುವುದಿಲ್ಲ, ಏಕೆಂದರೆ ಅವನು ಚೆಂಡನ್ನು ಮುಟ್ಟಿಯೇ ಇರುವುದಿಲ್ಲ. ನನ್ನ ಗೆಳೆಯನ ದೃಷ್ಟಿಯಲ್ಲಿ 6.8ಕ್ಕೂ 7.1ಕ್ಕೂ ಇರುವ ಅಂತರ ಭೂಮಿ ಆಕಾಶಗಳ ನಡುವಿನದು. ಅದನ್ನು ಸಾಧಿಸಲು ಅವನು ಮೂರು ವರ್ಷದ ಸ್ನೇಹವೊಂದನ್ನು ಕಳೆದುಕೊಂಡಿದ್ದಾನೆ. ನಾನೂ ಒಮ್ಮೆ ಒಬ್ಬ ಗೋಲ್‌ಕೀಪರ್‌ಗೆ ಐದೂವರೆ ಕೊಟ್ಟವನೇ, ಅದನ್ನು ಮುಚ್ಚಿಡುವುದಿಲ್ಲ. ನನಗೆ ಪೆನಾಲ್ಟಿ ಹೊಡೆಯಲು ಬಿಟ್ಟರೆ ಚೆಂಡಿಗಿಂತ ಮೊದಲು ಚಪ್ಪಲಿ ಗೋಲು ಸೇರುತ್ತದೆ ಎಂಬುದು ಬೇರೆ ಮಾತು.

ಈ ವಿಚಾರಣೆಯಲ್ಲಿ ಕಟಕಟೆ ಹತ್ತುವವನು ಹೆಚ್ಚಾಗಿ ಗೋಲು ಹೊಡೆಯದ ಸ್ಟ್ರೈಕರ್. 1998ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಅದರ ಸ್ಟ್ರೈಕರ್ ಗಿವಾರ್ಶ್ ಒಂದೂ ಗೋಲು ಹೊಡೆದಿರಲಿಲ್ಲ, ಆ ಹೆಸರು ಇಂದಿಗೂ ಗಾದೆಯಂತೆ ಬಳಕೆಯಲ್ಲಿದೆ. ಇಪ್ಪತ್ತು ವರ್ಷದ ಬಳಿಕ ಅದೇ ಫ್ರಾನ್ಸ್ ಮತ್ತೆ ಗೆದ್ದಾಗ ಸ್ಟ್ರೈಕರ್ ಜಿರೂ ಏಳೂ ಪಂದ್ಯಗಳಲ್ಲಿ ಆಡಿ, 546 ನಿಮಿಷ ಮೈದಾನದಲ್ಲಿದ್ದು, ಗುರಿಗೆ ನೇರವಾಗಿ ಒಂದೇ ಒಂದು ಹೊಡೆತವನ್ನೂ ಹೊಡೆಯಲಿಲ್ಲ. ಜೊತೆಗಾರರಾದ ಎಂಬಪ್ಪೆ, ಗ್ರೀಜ್‌ಮನ್ ಅವರಿಗೆ ಓಡಲು ಜಾಗ ಹೇಗೆ ಸಿಕ್ಕಿತೆಂದು ಕೇಳುವಷ್ಟು ವ್ಯವಧಾನ ಯಾರಿಗಿತ್ತು? 546 ಎಂಬ ಅಂಕಿಯಲ್ಲೇ ಒಂದು ಸೊಗಸಿತ್ತಲ್ಲ! 2022ರ ವಿಶ್ವಕಪ್‌ನಲ್ಲಿ ಜಿರೂ, ಫ್ರಾನ್ಸ್ ಪರ ಅತಿ ಹೆಚ್ಚು ಗೋಲು ಹೊಡೆದಿದ್ದ ಆನ್ರಿಯ 51 ಗೋಲುಗಳ ದಾಖಲೆ ಮುರಿದಾಗ, ‘ನಾವು ಮೊದಲಿನಿಂದಲೂ ಹೇಳುತ್ತಿರಲಿಲ್ಲವೇ’ ಎಂದು ಶುಭ ಕೋರಿದವರ ಸಂಖ್ಯೆಯೇನೂ ಕಡಿಮೆಯಿರಲಿಲ್ಲ.

ಅದೇ 2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಸ್ಟ್ರೈಕರ್ ಲೌಟಾರೊ ಮಾರ್ಟಿನೆಜ್‌ಗೂ ಗೋಲು ಬರಲಿಲ್ಲ. ಕ್ವಾರ್ಟರ್‌ಫೈನಲ್ ಶೂಟೌಟ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಕೊನೆಯ ಪೆನಾಲ್ಟಿ ಹೊಡೆದು ಅರ್ಜೆಂಟೀನಾವನ್ನು ದಡ ಸೇರಿಸಿದ್ದು ಅವನು. ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಅವನ ಹೊಡೆತವನ್ನು ಫ್ರಾನ್ಸ್ ಗೋಲ್‌ಕೀಪರ್ ಲೋರಿಸ್ ತಡೆದಾಗ ಪುಟಿದ ಚೆಂಡನ್ನೇ ಮೆಸ್ಸಿ ಒಳಗೆ ತಳ್ಳಿದ್ದು. ನನ್ನ ಗೆಳೆಯನ ತೀರ್ಪಿನಲ್ಲಿ ಅದು ಮಾರ್ಟಿನೆಜ್ ‘ಹಾಳುಮಾಡಿದ ಅವಕಾಶ’. ಗೋಲಾದ ಹೊಡೆತವೂ ಹಾಳಾದ ಅವಕಾಶವೆನಿಸಿಕೊಳ್ಳುವ ಈ ತರ್ಕಶಾಸ್ತ್ರಕ್ಕೆ ನಾನು ತಲೆಬಾಗುತ್ತೇನೆ.

ಮೊರಾಟಾನ ಕಥೆಗೆ ಬಂದರೆ ನಗು ಅಲ್ಲಿಗೇ ನಿಲ್ಲುತ್ತದೆ. 2021ರಲ್ಲಿ ನಡೆದ ಯುರೋದಲ್ಲಿ ಅವನು ಅವಕಾಶಗಳನ್ನು ಕೈಚೆಲ್ಲಿದ್ದು ನಿಜ. ಅದಕ್ಕಾಗಿ ತನ್ನ ಕುಟುಂಬಕ್ಕೆ ಬೆದರಿಕೆ ಬಂದಿದೆ, ಮಕ್ಕಳು ಸಾಯಲಿ ಎಂದು ಹಾರೈಸಿದವರಿದ್ದಾರೆ ಎಂದು ಅವನೇ ಹೇಳಬೇಕಾಯಿತು. ಬೆನ್ನಿಗೆ ಅವನ ಹೆಸರಿದ್ದ ಅಂಗಿ ತೊಟ್ಟು ಕ್ರೀಡಾಂಗಣಕ್ಕೆ ಬಂದ ಹೆಂಡತಿ ಮಕ್ಕಳು ಬೈಗುಳ ಕೇಳಿಕೊಂಡು ಕೂರಬೇಕಾಯಿತು. ಆ ಮಕ್ಕಳು ಯಾವ ಪಾಸ್ ತಪ್ಪಿಸಿದ್ದರು? ಬೈದವರು ಎದುರಾಳಿ ತಂಡದವರಾಗಿದ್ದರೆ ವೈರಿಗಳೆಂದು ಸುಮ್ಮನಾಗಬಹುದಿತ್ತು. ಇವರು ಅದೇ ಕೆಂಪು ಅಂಗಿ ತೊಟ್ಟವರು, ‘ನಾವು ತಂಡದ ಹನ್ನೆರಡನೆಯ ಆಟಗಾರರು’ ಎಂದು ಎದೆ ತಟ್ಟಿಕೊಳ್ಳುವವರು. ಇದನ್ನು ಕ್ರೀಡಾಪ್ರೇಮದ ಅತಿರೇಕ ಎನ್ನುವವರಿದ್ದಾರೆ. ಅತಿರೇಕವಲ್ಲ, ಅದು ನೀಚತನ. ಬೇರೆ ಹೆಸರು ಹುಡುಕುವ ಸಹನೆ ನನಗೆ ಉಳಿದಿಲ್ಲ. ಆಮೇಲೆ ಕ್ರೊಯೇಷ್ಯಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಅದೇ ಮೊರಾಟಾ ಗೋಲು ಹೊಡೆದು ತಂಡವನ್ನು ಮುಂದೆ ದಾಟಿಸಿದಾಗ ಅವರೇ ಅವನ ಹೆಸರು ಹಾಡಿದರು.

ಅಂಥವನು 2024ರಲ್ಲಿ ನಾಯಕನಾಗಿ ಬಂದು, ಇಡೀ ಟೂರ್ನಿಯಲ್ಲಿ ಹೊಡೆದದ್ದು ಒಂದೇ ಗೋಲು, ಅದೂ ಮೊದಲ ಪಂದ್ಯದಲ್ಲಿ. ಹಾಗಾಗಿ ನಾಲ್ಕು ಅಂಕ. ಅವನ ಬದಲಿಗೆ ಇಳಿದ ಒಯಾರ್ಸಬಾಲ್ 86ನೇ ನಿಮಿಷದಲ್ಲಿ ಕುಕುರೆಯಾ ಕೊಟ್ಟ ಚೆಂಡನ್ನು ಗೋಲಿಗೆ ತಳ್ಳಿ ಕಪ್ ತಂದುಕೊಟ್ಟನಲ್ಲ, ಅವನಿಗಾದರೂ ಹತ್ತು ಕೊಡಬಹುದಲ್ಲವೇ ಎಂದು ಗೆಳೆಯನನ್ನು ಕೇಳಿದೆ. ಅವನು ಉತ್ತರಿಸಲಿಲ್ಲ, ಆ ಗೋಲಿನ ದೃಶ್ಯವನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡುತ್ತಿದ್ದ. ಇಂಗ್ಲೆಂಡ್ ಡಿಫೆಂಡರ್‌ನ ಮೊಣಕಾಲು ಎಲ್ಲಿದೆ, ಒಯಾರ್ಸಬಾಲ್‌ನ ಬೂಟು ಎಲ್ಲಿದೆ ಎಂದು ಎರಡು ಬೆರಳಿನಿಂದ ಪರದೆಯನ್ನು ಹಿಗ್ಗಿಸಿ ಅಳೆದ. ಕೊನೆಗೆ ತಲೆ ಎತ್ತಿದಾಗ ಅವನ ಮುಖದಲ್ಲಿ ಗೆಲುವಿನ ಲವಲೇಶವೂ ಇರಲಿಲ್ಲ.

“ಕೂದಲೆಳೆಯಲ್ಲಿ ಆಫ್‌ಸೈಡ್ ತಪ್ಪಿದೆ, ಮಾರಾಯ. ಇನ್ನೊಂದು ಬೆರಳು ಮುಂದೆ ಓಡಿದ್ದರೆ ಗೋಲೇ ಇಲ್ಲ. ಇಷ್ಟು ಬೇಜವಾಬ್ದಾರಿಯ ಓಟಕ್ಕೆ ಆರಕ್ಕಿಂತ ಹೆಚ್ಚು ಕೊಡಲು ನನ್ನ ಮನಸ್ಸು ಒಪ್ಪುತ್ತಿಲ್ಲ.”