ಬೆಂಗ್ರೆಗೆ ನಡೆದು ಹೋಗಲು ಸೇತುವೆ ಬೇಕಾ?

ಪರ: ಬೆಂಗ್ರೆಯ ಸೈಕಲ್ ಸವಾರ

ಮಂಗಳೂರು ಹಳೆ ಬಂದರಿನಲ್ಲಿ ನಿಂತರೆ ನಮ್ಮ ಬೆಂಗ್ರೆಯ ತೆಂಗಿನ ಮರ ಎಣಿಸಬಹುದು. ಅಷ್ಟು ಹತ್ತಿರ. ಒಂದು ಕಡೆ ಗುರುಪುರ ಹೊಳೆ, ಇನ್ನೊಂದು ಕಡೆ ಕಡಲು, ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಮ್ಯಾಪಿನಲ್ಲಿ ಇದು ದ್ವೀಪ ಅಲ್ಲ, ತಣ್ಣೀರುಬಾವಿ ಕಡೆಯಿಂದ ನೆಲಕ್ಕೆ ಅಂಟಿಕೊಂಡಿದೆ. ಆದರೆ ರಸ್ತೆಯಲ್ಲಿ ಬರಬೇಕಾದರೆ ಕೂಳೂರು ಸುತ್ತಬೇಕು. 10 ಕಿಲೋಮೀಟರಿಗೂ ಜಾಸ್ತಿ. ನಮ್ಮ ಲೆಕ್ಕಕ್ಕೆ ದ್ವೀಪವೇ.

ಬೆಳಿಗ್ಗೆ ಫೆರಿಗೆ ಸೈಕಲ್ ಹತ್ತಿಸುವುದನ್ನು ನೋಡಿದ್ದೀರಾ? ಮುಂದಿನ ಚಕ್ರ ಎತ್ತಿ ಒಳಗಿನವರ ಕೈಗೆ ಕೊಡಬೇಕು, ಹಿಂದಿನಿಂದ ನಾನು ತಳ್ಳಬೇಕು. ಅಷ್ಟರಲ್ಲಿ ಪೆಡಲ್ ಯಾರದಾದರೂ ಸೀರೆಗೆ ಸಿಕ್ಕಿರುತ್ತದೆ. ಮೀನು ಮಾರುವ ಅಕ್ಕನ ಬುಟ್ಟಿಯಿಂದ ಮಂಜುಗಡ್ಡೆ ನೀರು ಚಪ್ಪಲಿ ಮೇಲೆ ಬೀಳುತ್ತಿರುತ್ತದೆ. ಇದು ದಿನದ ಕತೆ. ಕೊನೆಯ ಬೋಟ್ ತಪ್ಪಿತೋ, ರಿಕ್ಷಾದವರ ಮುಖ ನೋಡಬೇಕು.

ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ತೂಗುಸೇತುವೆ ಆಗುತ್ತದೆ ಎಂದು ಕೇಳಿ ಕೇಳಿ ಕಿವಿ ತೂತಾಗಿದೆ. ಕಷ್ಟದ ಕೆಲಸವಾ? ಸುಳ್ಯದ ಗಿರೀಶ್ ಭಾರದ್ವಾಜರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದವರು. 2017ರಲ್ಲಿ ಪದ್ಮಶ್ರೀಯೂ ಬಂತು. ಉಡುಪಿ ಹತ್ತಿರದ ಕೆಮ್ಮಣ್ಣು ಊರಿನ ಕುದ್ರುವಿಗೆ, ಅಂದರೆ ಹೊಳೆ ನಡುವಿನ ದ್ವೀಪಕ್ಕೆ, ಜನ ತೂಗುಸೇತುವೆಯಲ್ಲೇ ನಡೆಯುತ್ತಾರೆ. ಬೋಟಿಗೆ ಅಡ್ಡ ಬರುತ್ತದೆ ಅನ್ನುವವರಿಗೆ ರಾಮೇಶ್ವರದ ಪಾಂಬನ್ ಇದೆ. 2025ರಲ್ಲಿ ಶುರುವಾದ ಅಲ್ಲಿನ ಹೊಸ ರೈಲು ಸೇತುವೆಯ ನಡುಭಾಗ ಲಿಫ್ಟಿನ ಹಾಗೆ ಮೇಲೇಳುತ್ತದೆ. ರೈಲಿನ ಭಾರ ಹೊರುವುದನ್ನೇ ಎತ್ತುತ್ತಾರಂತೆ, ಸೈಕಲ್ ಓಡುವ ಹಗುರ ಸೇತುವೆ ಎತ್ತಲಾಗದಾ?

ಕಾರು ಬೇಡ ಎಂದು ನಾನೇ ಹೇಳುತ್ತೇನೆ. ಕಾರು ಬಂದರೆ ಹಿಂದೆಯೇ ರೆಸಾರ್ಟ್ ಬರುತ್ತದೆ.

ವಿರೋಧ: ಧಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ಬೋಟಿನವ

ಸೈಕಲ್ಲಿನವರ ಕಷ್ಟ ಸುಳ್ಳಲ್ಲ. ಆದರೆ ಕೆಮ್ಮಣ್ಣಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಟ್ರಾಲ್ ಬೋಟ್ ಸಾಲುಗಟ್ಟಿ ಹೋಗುವುದಿಲ್ಲ, ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟ್, ತರಕಾರಿ ಹೊತ್ತ ಮಂಜಿ ಎಂಬ ಸರಕಿನ ಹಡಗೂ ಇಲ್ಲ.

ಮಂಜಿಯ ಕಂಬ ನೋಡಿ ಆಮೇಲೆ ಮಾತಾಡಿ. ಸೇತುವೆ ನೀರಿನಿಂದ 15 ಮೀಟರ್ ಮೇಲಿರಬೇಕು ಎಂದಿಟ್ಟುಕೊಳ್ಳಿ. ಸೈಕಲ್ ತುಳಿಯುವವನಿಗೆ ಏದುಸಿರು ಬರಬಾರದು ಎಂದರೆ 20 ಮೀಟರಿಗೆ ಒಂದು ಮೀಟರಷ್ಟೇ ಏರಬಹುದು. ಅಂದರೆ ಈಚೆ 300 ಮೀಟರ್ ಏರು, ಆಚೆ 300 ಮೀಟರ್ ಇಳಿಜಾರು. ಬಂದರಿನ ಓಣಿಯಲ್ಲಿ ಎರಡು ಲಾರಿ ಎದುರಾದರೆ ಒಂದು ಹಿಂದೆ ಹೋಗಬೇಕು. ಅಲ್ಲಿ 300 ಮೀಟರ್ ಎಲ್ಲಿಂದ ತರುತ್ತೀರಿ? ಸುತ್ತಿ ಸುತ್ತಿ ಹತ್ತಿಸಿದರೆ ಜನ ಪುನಃ ಫೆರಿಗೇ ಬರುತ್ತಾರೆ, ನೋಡ್ತಾ ಇರಿ.

ಎತ್ತುವ ಸೇತುವೆಯಂತೆ! ಬೆಳಗಿನ ಹೊತ್ತು ಬೋಟುಗಳು ಒಂದರ ಹಿಂದೆ ಒಂದು ಅಳಿವೆ ದಾಟಿ ಒಳಗೆ ಬರುತ್ತವೆ. ಶಾಲೆ ಮಕ್ಕಳು ಹೊರಡುವುದೂ ಬೆಳಿಗ್ಗೆಯೇ. ಆಗ ಸೇತುವೆ ಮೇಲೇ ನಿಂತಿರಬೇಕಾ, ಕೆಳಗಾ? ಬೋಟಿಗೆ ಬ್ರೇಕ್ ಇಲ್ಲ ಸ್ವಾಮಿ. ಇಳಿತದ ಸೆಳೆತದಲ್ಲಿ ಮೀನು ತುಂಬಿದ ಬೋಟನ್ನು ಕಾಯಿಸುವುದೆಂದರೆ ಏನೆಂದು ಬೋಟ್ ನಡೆಸುವ ತಾಂಡೇಲನ ಹತ್ತಿರ ಕೇಳಿ. ಬತ್ತೇರಿಯ ಕಡೆ ಕಟ್ಟಿದರೆ ತೊಂದರೆ ಕಮ್ಮಿ, ಒಪ್ಪುತ್ತೇನೆ. ಆದರೆ ಆಗ ಬೆಂಗ್ರೆಯ ತೋಟಬೆಂಗ್ರೆ ಭಾಗದವರು ಬಂದರಿಗೆ ಬರಲು ಎಷ್ಟು ನಡೆಯಬೇಕು? ಟಿಪ್ಪು 1784ರಲ್ಲಿ ಆ ಬತ್ತೇರಿ ಕಟ್ಟಿಸಿದ್ದು ಯುದ್ಧದ ಹಡಗು ಹೊಳೆಗೆ ನುಗ್ಗಬಾರದು ಎಂದು. ಈಗ ನಮ್ಮ ಬೋಟಿಗೆ ನಾವೇ ಅಡ್ಡ ಕಟ್ಟುವುದಾ?

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಕಾರು ಹೋಗದ ಸೇತುವೆಯಲ್ಲಿ ಆಂಬುಲೆನ್ಸೂ ಹೋಗುವುದಿಲ್ಲ. ರಾತ್ರಿ ಹೆರಿಗೆ ನೋವು ಬಂದವಳನ್ನು ಸೈಕಲ್ಲಿನಲ್ಲಿ ಕೂರಿಸುತ್ತೀರಾ? ಸಂಜೆ ಸೆಲ್ಫಿಗೆ ಬರುವವರಿಗೆ ಮಾತ್ರ ಬಹಳ ಚಂದ.

ಆ ದುಡ್ಡಿನಲ್ಲಿ ಸ್ವಲ್ಪ ಫೆರಿಗೆ ಹಾಕಿ. ರಾತ್ರಿ ಪೂರ್ತಿ ಒಂದು ಬೋಟ್ ಇರಲಿ. ನೀರು ಏರಿದರೂ ಇಳಿದರೂ ಜೊತೆಗೆ ಏರಿಳಿಯುವ ತೇಲುಕಟ್ಟೆ ಎರಡೂ ದಡದಲ್ಲಿ ಆಗಲಿ. ಆಗ ಸೈಕಲ್ ಎತ್ತಬೇಕಾಗಿಲ್ಲ, ತಳ್ಳಿಕೊಂಡೇ ಒಳಗೆ ಹೋಗಬಹುದು.