ಹಸಿರು ನೊಣ ಎಲ್ಲಾ ಒಂದೇ ಅಲ್ಲ

ಸತ್ತ ದನಕ್ಕೆ ಮುತ್ತುವ ಹಸಿರು ನೊಣವೇ ಹಸುವಿನ ಗಾಯಕ್ಕೂ ಹುಳ ಹಾಕುತ್ತದೆ ಎಂದು ಒಂದು ಲೇಖನದಲ್ಲಿ ಓದಿದೆ. ಇವು ಎರಡು ಬೇರೆ ಬೇರೆ ನೊಣಗಳು, ನೋಡೋಕೆ ಒಂದೇ ಥರ, ಗೊಂದಲ ಸಹಜ. ಆದರೆ ಗಾಯಕ್ಕೆ ಹುಳ ಹಾಕುವ ನೊಣ ಕ್ರೈಸೋಮಿಯಾ ಬೆಜ್ಜಿಯಾನಾ ಹೆಣಕ್ಕೆ ಮೊಟ್ಟೆ ಇಡುವುದಿಲ್ಲ, ಅದಕ್ಕೆ ಜೀವಂತ ಪ್ರಾಣಿಯ ಗಾಯವೇ ಬೇಕು. ಗಾಯದ ಅಂಚಿನಲ್ಲಿ ಒಂದೇ ಸಲಕ್ಕೆ ನೂರಕ್ಕೂ ಜಾಸ್ತಿ ಮೊಟ್ಟೆ. ಒಂದು ದಿನದೊಳಗೆ ಹುಳ ಹೊರಬಂದು ತಲೆ ಕೆಳಗಾಗಿ ಮಾಂಸ ಕೊರೆಯುತ್ತದೆ. ನಮ್ಮ ಎಳೆಗರುವಿನ ಹೊಕ್ಕುಳಲ್ಲಿ ಕಣ್ಣಾರೆ ನೋಡಿದೆ: ಹಿಂಬದಿಯ ತುದಿಗಳಷ್ಟೇ ಒತ್ತೊತ್ತಾಗಿ ಮಿಸುಕಾಡುತ್ತಿದ್ದವು. ಕರು ಒದ್ದಾಡುತ್ತಿದ್ದದ್ದು ಇನ್ನೂ ಕಣ್ಣಮುಂದಿದೆ.

ಇದರ ದಾಯಾದಿ ಕ್ರೈಸೋಮಿಯಾ ಮೆಗಾಸೆಫಲಾ ಹೆಣ, ಹೊಲಸಿನಲ್ಲಿ ಬೆಳೆಯುತ್ತದೆ. ಮಾವಿನ ಹೂವಿಗೆ ಪರಾಗಸ್ಪರ್ಶ ಮಾಡುವುದೂ ಇದೇ! ಇದನ್ನು ಸುಮ್ನೆ ಬೈಯಬಾರದು ಅಲ್ವಾ? ಕರು ಹುಟ್ಟಿದ ಕೂಡಲೇ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ದಿನಾ ನೋಡುತ್ತಿರಿ.