ಹಗಲೆಲ್ಲ ಒಟ್ಟಿಗೇ ಮೇಯ್ಲಿ, ತಳಿ ಮಾಡೋವಾಗ ಬೇರೆ ಮಾಡಿ

ಪುಣೆಲಿ ಕೋಳಿ ಹುಚ್ಚಿರೋರು ಸುಮಾರು ಜನ ಇದಾರೆ, ಮುಳಶಿ ಪಿರಂಗುಟ್ ಕಡೆ ಸಣ್ಣ ಪ್ಲಾಟ್ ತಗೊಂಡು ಕಡಕ್‌ನಾಥ್, ಬ್ರಹ್ಮ, ಸಿಲ್ಕಿ, ಬ್ಯಾಂಟಮ್ ಅಂತ ಬೇರೆಬೇರೆ ಜಾತಿ ಕೋಳಿ ಎಲ್ಲಾ ಸಾಕ್ತಾರೆ, ನಾನೂ ಅದೇ ಗುಂಪಿನೋನು. ಆದ್ರೆ ಇಲ್ಲಿಯವರ ಪದ್ಧತಿ ನಂಗೆ ಪೂರ್ತಿ ಒಗ್ಗಲ್ಲ. ಜಾತಿಗೊಂದು ಜಾಲರಿ ಗೂಡು, ವರ್ಷವೆಲ್ಲ ಅದರೊಳಗೇ, ಮೊಟ್ಟೆ ಇಟ್ಟ ತಕ್ಷಣ ಎತ್ಕೊಂಡು ಇನ್‌ಕ್ಯುಬೇಟರ್‌ಗೆ. ನಮ್ಮ ಹಾಸನ ಕಡೆ ಬೆಳಿಗ್ಗೆ ಮಂಕರಿ ಎತ್ತಿದ್ರೆ ಮುಗೀತು, ತಿಪ್ಪೆ ಕೆದ್ಕೊಂಡು ಹುಳ ತಿನ್ಕೊಂಡು ಸಂಜೆಗೆ ತಾವೇ ಬರ್ತವೆ, ಮರಿಗಳಿಗೆ ಅಂತ ಅಮ್ಮ ಗೆದ್ದಲು ಹಿಡಿದ ಹೆಂಟೆ ತಂದು ಒಡೆದು ಹಾಕೋರು, ಅದನ್ನ ತಿಂದ ಮರಿ ಬೆಳೆಯೋ ರೀತಿನೇ ಬೇರೆ ಬಿಡಿ.

ಹಂಗಂತ ಊರಿಂದೇ ಸರಿ ಅನ್ನಲ್ಲ. ಹೆಬ್ಬಾಳದ ವೆಟರ್ನರಿ ಕಾಲೇಜಿನೋರು ಮಾಡಿದ ಗಿರಿರಾಜ ಅನ್ನೋ ಕೋಳಿ ತಳಿ ಹಳ್ಳಿಹಳ್ಳಿಗೂ ಬಂತು, ಯಾವ ಹುಂಜ ಯಾವ ಹ್ಯಾಟೆ ಜೊತೆ ಅಂತ ಯಾರು ನೋಡ್ತಾರೆ, ಈಗ ನಾಟಿ ಅಂತ ಜಾಸ್ತಿ ದುಡ್ಡು ಕೊಟ್ಟು ತರೋದ್ರಲ್ಲೂ ಬೆರಕೆ ಇರುತ್ತೆ. ಕೊಕ್ಕರೆ ರೋಗ, ಅಂದ್ರೆ ರಾಣಿಖೇತ್ ಬಂದ್ರೆ ಕೇರಿಗೆ ಕೇರಿನೇ ಖಾಲಿ, ಆದ್ರೂ ಲಸಿಕೆ ಹಾಕ್ಸಲ್ಲ. ಇಲ್ಲಿ ಒಂದು ವಾರದ ಮರಿಗೇ ಕಣ್ಣಿಗೆ ಆ ರೋಗದ ಲಸಿಕೆ ಲಸೋಟ ಹನಿ ಬಿಡ್ತಾರೆ, ಎರಡು ತಿಂಗಳಿಗೆ ಅದೇ ರೋಗದ್ದು ಆರ್‌ಟುಬಿ ಅನ್ನೋ ಲಸಿಕೆ ಚುಚ್ಚುಸ್ತಾರೆ. ಈ ಶಿಸ್ತು ನಮ್ಮೋರು ಕಲೀಲೇಬೇಕು.

ನನ್ನ ಪ್ರಕಾರ ಹಗಲು ಎಲ್ಲಾ ಒಟ್ಟಿಗೇ ಮೇಯ್ಲಿ, ಮರಿ ಮಾಡ್ಸೋ ಟೈಮಲ್ಲಿ ಮಾತ್ರ ಆಯಾ ಹುಂಜ ಹ್ಯಾಟೆ ಬೇರೆ ಮಾಡಿ. ಬೇರೆ ಮಾಡಿದ ಮಾರನೇ ದಿನದ ಮೊಟ್ಟೆನೇ ಶುದ್ಧ ಅನ್ಕೋಬೇಡಿ, ಹಳೇ ಹುಂಜದ ವೀರ್ಯ ಹ್ಯಾಟೆ ಮೈಯಲ್ಲಿ ಎರಡು ಮೂರು ವಾರ ಉಳಿಯುತ್ತೆ, ಅಲ್ಲಿವರೆಗೂ ಬರೋದೆಲ್ಲ ಆಮ್ಲೆಟ್‌ಗೆ. ಇನ್ನೊಂದು, ಬ್ರಹ್ಮ ಹುಂಜ ನಾಲ್ಕೈದು ಕೇಜಿ ತೂಗುತ್ತೆ, ಬ್ಯಾಂಟಮ್ ಹ್ಯಾಟೆ ಒಂದು ಕೇಜಿನೂ ಇರಲ್ಲ, ಅದು ಮೇಲೆ ಹತ್ತಿದ್ರೆ ಇದರ ಬೆನ್ನು ಹರಿದುಹೋಗುತ್ತೆ, ಅಂಥ ಹುಂಜನ ಮಾತ್ರ ಯಾವಾಗ್ಲೂ ಬೇಲಿ ಆಚೆನೇ ಇಡಿ.

ಒಟ್ಟಿಗೆ ಇಟ್ರೆ ದೊಡ್ಡ ಲಾಭ ಕಾವಿಂದು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ಗೆ 2018ರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಊರಿನದೇ ಅನ್ನೋ ಗುರುತು ಸಿಕ್ತು, ಹೆಸರೇನೋ ದೊಡ್ಡದು, ಆದ್ರೆ ಕಾವಿಗೆ ಕೂರೋ ಬುದ್ಧಿ ಅದಕ್ಕೆ ಕಮ್ಮಿ. ಸಿಲ್ಕಿ ಹಂಗಲ್ಲ, ಯಾರ ಮೊಟ್ಟೆ ಇಟ್ರೂ ಇಪ್ಪತ್ತೊಂದು ದಿನ ಅಲ್ಲಾಡದೆ ಕೂರುತ್ತೆ, ಮೈ ಸಣ್ಣದು ಅಂತ ಐದಾರು ಮೊಟ್ಟೆ ಮೇಲೆ ಇಡಬಾರದು ಅಷ್ಟೆ. ಕರೆಂಟ್ ಹೋದ್ರೆ ಇನ್‌ಕ್ಯುಬೇಟರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿರೋ ಇಲ್ಲಿನ ಫ್ರೆಂಡ್ಸ್‌ಗೆ ಇದನ್ನ ಎಷ್ಟು ಸಲ ಹೇಳಿದ್ರೂ ನಗ್ತಾರೆ. ಮುಳಶಿ ಮಳೇಲಿ ಮಾತ್ರ ಸಿಲ್ಕಿನ ಹೊರಗೆ ಬಿಡಬೇಡಿ, ಅದರ ಪುಕ್ಕ ನೀರು ಜಾರಿಸಲ್ಲ, ಚರ್ಮದವರೆಗೂ ನೆನೆದು ನಡುಗುತ್ತೆ.

ಮೇವಿಗೆ ತಲೆ ಕೆಡಿಸ್ಕೋಬೇಡಿ. ಮೊಟ್ಟೆ ಇಡೋವಕ್ಕೆ ಹಾಕೋ ಲೇಯರ್ ಫೀಡಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿ ತಿಂದ್ರೆ ಕಿಡ್ನಿಗೆ ಏಟು, ಅದಕ್ಕೆ ಎಲ್ಲಕ್ಕೂ ಬೆಳೆಯೋ ಕೋಳಿಗೆ ಅಂತ ಮಾಡೋ ಗ್ರೋವರ್ ಫೀಡ್ ಹಾಕಿ, ಕಪ್ಪೆಚಿಪ್ಪಿನ ಪುಡಿ ಬೇರೆ ತಟ್ಟೇಲಿ ಇಡಿ, ಮೊಟ್ಟೆ ಇಡೋವು ಬೇಕಾದಷ್ಟು ತಿನ್ಕೋತವೆ.

ಅಸೀಲ್ ತರೋ ಆಸೆ ನಂಗೂ ಇದೆ, ಆದ್ರೆ ಅದು ಕಾಳಗದ ಜಾತಿ, ಈ ಗುಂಪಿಗೆ ಬಿಡಕ್ಕಾಗಲ್ಲ, ಅದಕ್ಕೆ ಮಾತ್ರ ಇಲ್ಲಿಯವರ ಜಾಲರಿ ಗೂಡೇ ಸರಿ.